ಅಳುಕನ್ನು ಅಳೆಯುವ ಬಗೆ

ಗುರುವಾರ ಚುಚ್ಚುಮದ್ದಿನ ದಿನ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಂಥ ಊರಿನಲ್ಲಿ ಯಾವ ಮಗುವಿಗೆ ಯಾವ ಲಸಿಕೆ ಬಿತ್ತು ಎಂಬುದು ತಾಯಿ ಕಾರ್ಡಿನಲ್ಲಿ ತಾರೀಖಿನ ಸಮೇತ ಸಿಗುತ್ತದೆ. ಕಳೆದ ಸಲ ಪೆಂಟಾವೇಲೆಂಟ್ ಹಾಕಿಸಿದ ರಾತ್ರಿ ಮಗುವಿನ ಮೈ ಕಾದು ಕಂಗಾಲಾದ ತಾಯಿ ಈ ಸಲ ಎಷ್ಟು ಅಳುಕುತ್ತ ಬಂದಳು ಎಂಬುದಕ್ಕೆ ಮಾತ್ರ ಯಾವ ಕಾಲಮ್ಮೂ ಇಲ್ಲ. ಅದನ್ನೂ ಅಳೆಯಬೇಕೆಂಬ ತಿಳಿವಳಿಕೆ ತೀರ ಈಚಿನದು.

ಅಳುಕಿಗೇನೋ ಲಸಿಕೆಯಷ್ಟೇ ವಯಸ್ಸಾಗಿದೆ. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಕಲಾವಿದ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಅದರಲ್ಲಿ ಬಲಗಡೆ ನಿಂತ ಕಿರಿಯ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಾಳೆ. ಅದು ಲಸಿಕೆ ಹಾಕಿಸಿಕೊಂಡ ಜಾಗ, ಜನರ ಭಯ ಬಿಡಿಸಲೆಂದೇ ಬರೆಸಿದ ಚಿತ್ರ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ಸಿಡುಬೆಂದರೆ ಅಮ್ಮನೇ ಮೈಮೇಲೆ ಬಂದಂತೆ ಎಂದು ಮಾರಮ್ಮನಿಗೆ ತಂಬಿಟ್ಟಿನ ಆರತಿ ಹೊರುತ್ತಿದ್ದ ಸೀಮೆ ಇದು. ರಾಣಿಯ ತೋಳಿಗೆ ಇಲ್ಲಿ ಎಷ್ಟು ತೂಕವಿದ್ದೀತು!

ಇನ್ನೂರು ವರ್ಷ ಕಳೆದರೂ ಆ ಭಯ ಪೂರ್ತಿ ಹೋಗಿರಲಿಲ್ಲ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ಭಯ ಹರಡಿದ್ದು ವಾಟ್ಸ್ಆ್ಯಪ್.

ಈ ಅಳುಕನ್ನು ಅಳೆಯುವ ಕೆಲಸ ಗಟ್ಟಿಯಾಗಿ ಶುರುವಾದದ್ದು ಅಮೆರಿಕದ ಸಿಯಾಟಲ್‌ನಲ್ಲಿ. ಮಕ್ಕಳ ವೈದ್ಯ ಡಗ್ಲಸ್ ಓಪೆಲ್ ಮತ್ತು ಸಂಗಡಿಗರು 2011ರಲ್ಲಿ ಹೆತ್ತವರಿಗೆಂದು 15 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಕಾಯಿಲೆ, ಅಲರ್ಜಿಯ ಕಾರಣವಿಲ್ಲದೆ ಲಸಿಕೆ ಮುಂದೂಡಿದ್ದುಂಟೇ? ಒಂದೇ ಸಲಕ್ಕೆ ಹಲವು ಲಸಿಕೆ ಬೇಡವೆನಿಸುತ್ತದೆಯೇ? ಮಗುವಿನ ವೈದ್ಯರನ್ನು ನಂಬುತ್ತೀರಾ? ಉತ್ತರಗಳನ್ನು ನೂರಕ್ಕೆ ಇಳಿಸಿ, 50 ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ಹಿಂಜರಿಯುವವರು ಎಂದು ಗುರುತಿಸಿದರು. ಹೆಚ್ಚು ಅಂಕ ಬಂದವರ ಮಕ್ಕಳಿಗೆ 19 ತಿಂಗಳಾಗುವ ಹೊತ್ತಿಗೆ ಲಸಿಕೆಗಳು ಹೆಚ್ಚಾಗಿ ತಪ್ಪಿದ್ದವು ಎಂಬುದು 2013ರಲ್ಲಿ ಖಚಿತವಾಯಿತು. ಮನಸ್ಸಿನೊಳಗಿನ ಅಳುಕಿನಿಂದ ಮುಂದಾಗುವುದನ್ನು ಊಹಿಸಬಹುದು ಎಂದಾಯಿತು; ಅದು ಸಣ್ಣ ಸಾಧನೆಯಲ್ಲ.

ಆದರೆ ಆ ಪಟ್ಟಿಯನ್ನು ಕನ್ನಡಿಸಿ ಬೆಸಗರಹಳ್ಳಿಗೆ ತಂದರೆ ಸಾಲದು. ಇಲ್ಲಿನ ಹೆಚ್ಚಿನ ಮಕ್ಕಳಿಗೆ ತಮ್ಮದೇ ಆದ ವೈದ್ಯರೆಲ್ಲಿ? ನಂಬಿಕೆಯೇನಿದ್ದರೂ ಅದೇ ಬೀದಿಯ ಆಶಾ ಅಕ್ಕನ ಮೇಲೆ. ಆಕೆಯೇ ಪ್ರಶ್ನೆ ಕೇಳಿದರೆ, ಒಳಗೆ ಏನೇ ಅಳುಕಿರಲಿ, ‘ನೀವೆಂಗೇಳುದ್ರೆ ಅಂಗೆ ಕಣಕ್ಕ’ ಎಂಬ ಉತ್ತರ ಬಂದೀತು. ಇನ್ನು ರೇಷ್ಮೆ ಹುಳ ಹಣ್ಣಾಗುವ ದಿನವೇ ಗುರುವಾರ ಬಂದರೆ, ಚಂದ್ರಿಕೆಗೆ ಹುಳ ಬಿಡುವ ಕೆಲಸ ಬಿಟ್ಟು ತಾಯಿ ಹೇಗೆ ಹೊರಟಾಳು? ಅವಳನ್ನು ಹಿಂಜರಿಯುವವಳು ಎಂದು ಬರೆದುಕೊಳ್ಳುವುದು ಅನ್ಯಾಯ. ಈ ಊರಿನ ಹೆಸರನ್ನು ನಾಡಿಗೆ ಪರಿಚಯಿಸಿದ ಡಾ. ಬೆಸಗರಹಳ್ಳಿ ರಾಮಣ್ಣ ವೈದ್ಯರೂ ಹೌದು, ಕಥೆಗಾರರೂ ಹೌದು. ಈ ಅಳತೆಗೂ ಎರಡೂ ಬಗೆಯ ಕಿವಿ ಬೇಕು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ 12ರಿಂದ 23 ತಿಂಗಳ ಮಕ್ಕಳಲ್ಲಿ ಮೂಲ ಲಸಿಕೆಗಳನ್ನೆಲ್ಲ ಪಡೆದವರು 2015–16ರಲ್ಲಿ ಸುಮಾರು ಶೇ 63. ಮುಂದಿನ ಸಮೀಕ್ಷೆಯ ಹೊತ್ತಿಗೆ ಶೇ 84. ಉಳಿದವರ ಮನೆಯಲ್ಲಿ ಹೆದರಿದವರೆಷ್ಟು, ಬಿಡುವಿಲ್ಲದವರೆಷ್ಟು? ಇವೆರಡನ್ನೂ ಬೇರೆಬೇರೆಯಾಗಿ ಕೇಳುವ ಪ್ರಶ್ನಾವಳಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದಿತು. ಮಗುವನ್ನು ಲಸಿಕೆಗೆ ಕರೆದೊಯ್ಯಲು ತಾಯಿ ಯಾರದಾದರೂ ಅಪ್ಪಣೆ ಪಡೆಯಬೇಕೇ ಎಂದೂ ಅದು ಕೇಳುತ್ತದೆ. ನಮ್ಮ ಹಳ್ಳಿಗಳಲ್ಲಿ ಇದನ್ನೇ ಮೊದಲು ಕೇಳಬೇಕು, ಗುರುವಾರ ಬಿಟ್ಟು ಬೇರೆ ದಿನ, ಸೂಜಿ ಹಿಡಿಯದವರು ಕೇಳಬೇಕು. ಸೊಸೆಯನ್ನು ಮಾತಾಡಿಸಿದ ಮೇಲೆ ಅತ್ತೆಯನ್ನೂ ಮಾತಾಡಿಸಬೇಕು.