ಐದೇ ದಿನದ ಕರೆಂಟು

ಕತೆ ಶುರುವಾದದ್ದು ಒಂದು ಟಗರಿನಿಂದ. 1920ರ ದಶಕ, ಪ್ಯಾರಿಸ್ಸಿನ ರೇಡಿಯಂ ಸಂಸ್ಥೆ. ಭೌತವಿಜ್ಞಾನದ ಪ್ರಯೋಗಾಲಯ ಮೇರಿ ಕ್ಯೂರಿಯವರದು, ಜೀವವಿಜ್ಞಾನದ್ದು ಕ್ಲಾಡಿಯಸ್ ರೆಗೊ ಅವರದು. ಟಗರಿನ ವೃಷಣದಲ್ಲಿ ಜೀವಕೋಶಗಳು ಕ್ಯಾನ್ಸರಿನ ಹಾಗೆಯೇ ಬಿಡುವಿಲ್ಲದೆ ಹುಟ್ಟುತ್ತವೆ. ಅದನ್ನು ನಿಲ್ಲಿಸಿದ ವಿಕಿರಣ ಕ್ಯಾನ್ಸರನ್ನೂ ನಿಲ್ಲಿಸೀತು ಎಂಬುದು ರೆಗೊ ಹಾಕಿದ ಲೆಕ್ಕ. ಒಂದೇ ಸಲ ಎಷ್ಟು ಕೊಟ್ಟರೂ ಸೋಲೇ. ಹೊರಗಿನ ಚರ್ಮ ಸುಟ್ಟು ಹುಣ್ಣಾಯಿತು, ಒಳಗಿನ ಬೀಜಶಕ್ತಿ ಮಾತ್ರ ಅಳಿಯಲಿಲ್ಲ. ಅದನ್ನೇ ಕಂತು ಮಾಡಿ ಹಲವು ದಿನಕ್ಕೆ ಹಂಚಿದಾಗ ಟಗರು ಬೀಜಶಕ್ತಿ ಕಳೆದುಕೊಂಡಿತು, ಚರ್ಮ ಉಳಿಯಿತು.

ಜತೆಗಾರ ಆನ್ರಿ ಕೂತಾರ್ ಆ ಕಂತಿನ ಉಪಾಯವನ್ನು ಗಂಟಲ ಕ್ಯಾನ್ಸರಿಗೆ ಒಯ್ದರು. ಕೈಬಿಟ್ಟಿದ್ದ ರೋಗಿಗಳು ಗುಣವಾದರು. ಕಂತು ಸಣ್ಣದಿರಬೇಕು, ದಿನ ಹೆಚ್ಚಿರಬೇಕು ಎಂಬುದು ಕಟ್ಟಳೆಯಾಯಿತು. ಮುಂದೆ, 1970ರ ದಶಕದಲ್ಲಿ, ಮಿಲಾನಿನ ಉಂಬೆರ್ತೊ ವೆರೊನೇಸಿ ಮತ್ತು ಅಮೆರಿಕದ ಬರ್ನಾರ್ಡ್ ಫಿಶರ್ ಶುರುಮಾಡಿದ ಪರೀಕ್ಷೆಗಳು ಸ್ತನ ಕ್ಯಾನ್ಸರಿಗೆ ಇಡೀ ಸ್ತನ ಕತ್ತರಿಸಬೇಕಿಲ್ಲ, ಗಡ್ಡೆ ತೆಗೆದು ವಿಕಿರಣ ಕೊಟ್ಟರೂ ಆಯುಷ್ಯ ಅಷ್ಟೇ ಎಂದು ತೋರಿಸಿದವು. ಆ ವಿಕಿರಣದ ಲೆಕ್ಕ 50 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆ), 25 ಕಂತು, ಐದು ವಾರ ಎಂದು ನೆಲೆಯಾಯಿತು.

ಆ 25ರ ಭಾರ ಎಷ್ಟೆಂದು ಸುಳ್ಯದ ಬೆಳಗಿನ ಬಸ್ಸಿಗೆ ಗೊತ್ತಿತ್ತು. ಪುತ್ತೂರು, ಸುಳ್ಯ, ಕಡಬದ ಕಡೆಯವರ ಬಾಯಲ್ಲಿ ವಿಕಿರಣ ಚಿಕಿತ್ಸೆಯ ಹೆಸರು ‘ಕರೆಂಟು ಕೊಡುವುದು’. ಹಟ್ಟಿಯ ಕೆಲಸ ಮುಗಿಸಿ, ಹಾಲು ಸೊಸೈಟಿಗೆ ಕಳಿಸಿ ಹೆಂಗಸು ಮಂಗಳೂರಿಗೆ ಹೊರಟಳು. ಎದೆಯ ಮೇಲೆ ಆಸ್ಪತ್ರೆಯವರು ಎಳೆದ ಶಾಯಿಯ ಗೆರೆ. ಕರಾವಳಿಯ ಬೆವರಿಗೆ ಅದು ಅಳಿಯದಂತೆ ಸೆರಗನ್ನು ಸಡಿಲವಾಗಿ ಹೊದ್ದುಕೊಂಡಿದ್ದಳು. ಪಕ್ಕದ ಸೀಟಿನಿಂದ, “ಅಕ್ಕ, ಇನ್ನೆಷ್ಟು ಕರೆಂಟು ಬಾಕಿ ಉಂಟು?” ಎಂಬ ಪ್ರಶ್ನೆ. ಕಡಬದವಳಾದರೆ ಆಲಂಕಾರು, ಉಪ್ಪಿನಂಗಡಿ, ಮಾಣಿ, ಬಿ.ಸಿ.ರೋಡು ದಾಟಿ ಹೋಗಬೇಕು. ಸುಳ್ಯದಿಂದ ಒಂದು ಬದಿಗೇ ಸುಮಾರು 85 ಕಿ.ಮೀ. ಮೇಜಿನ ಮೇಲೆ ಮಲಗುವುದು ಕೆಲವೇ ನಿಮಿಷ, ದಾರಿ ಇಡೀ ದಿನದ್ದು. 25 ಕಂತು ಎಂದರೆ 4,250 ಕಿ.ಮೀ. ಅಡಿಕೆ ಸುಲಿಯುವ ಕಾಲದಲ್ಲಿ ಕಾಯಿಲೆ ಬಂದರೆ ಚಿಕಿತ್ಸೆಯೋ, ತೋಟವೋ ಎಂಬ ಇಕ್ಕಟ್ಟು.

ಕಂತು ಕಡಿಮೆ ಮಾಡಲು ಯಾರೂ ನೋಡಿರಲಿಲ್ಲ ಎಂದಲ್ಲ. ಯಂತ್ರಗಳ ಕೊರತೆಯಿಂದ ಇಂಗ್ಲೆಂಡಿನ ಕೆಲವೆಡೆ ಮೂರು ವಾರದಲ್ಲೇ ಮುಗಿಸುತ್ತಿದ್ದರು. ಆದರೆ ದೊಡ್ಡ ಕಂತಿನ ಹೆಸರು ಕೆಟ್ಟಿತ್ತು. 1990ರ ದಶಕದ ಆರಂಭದಲ್ಲಿ ಅಲ್ಲಿನ ಮಹಿಳೆಯರೇ ಒಂದು ಸಂಘ ಕಟ್ಟಿಕೊಂಡು ಬಹಿರಂಗವಾಗಿ ದೂರಿದರು. ಕಂಕುಳ ಭಾಗಕ್ಕೂ ವಿಕಿರಣ ಬಿದ್ದಿದ್ದ ಕೆಲವರ ನರಗಳು ಹಾಳಾಗಿ ತೋಳು ಜೋತುಬಿದ್ದಿತ್ತು. ಕ್ಯಾನ್ಸರಿನಿಂದ ಪಾರಾದವರಿಗೆ ಲೋಟ ಎತ್ತಲೂ ಕೈ ಬಾರದ ಸ್ಥಿತಿ. ಆ ನೋವಿನ ಎದುರು ಕಂತು ದೊಡ್ಡದು ಮಾಡುವ ಮಾತೆತ್ತಲು ಎದೆಗಾರಿಕೆ ಬೇಕಿತ್ತು.

ಅಲ್ಲಿನ ಕ್ಯಾನ್ಸರ್ ವೈದ್ಯ ಜಾನ್ ಯಾರ್ನಲ್ಡ್ ಮತ್ತು ಸಂಗಡಿಗರಿಗೆ ಅದು ಇತ್ತು, ಅದಕ್ಕಿಂತ ಮಿಗಿಲಾಗಿ ತಾಳ್ಮೆ ಇತ್ತು. 1986ರಿಂದ 1998ರವರೆಗೆ 1,410 ಮಹಿಳೆಯರನ್ನು ಮೂರು ಗುಂಪು ಮಾಡಿದರು: ಒಂದಕ್ಕೆ 25 ಕಂತು, ಉಳಿದೆರಡಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ 13. ವರ್ಷ ವರ್ಷ ಸ್ತನದ ಫೋಟೊ ತೆಗೆದರು. ಯಾರು ಯಾವ ಗುಂಪಿನವರೆಂದು ತಿಳಿಯದವರ ಮುಂದೆ ಆ ಫೋಟೊಗಳನ್ನಿಟ್ಟು ಕುಗ್ಗಿದೆಯೇ, ಗಟ್ಟಿಯಾಗಿದೆಯೇ ಎಂದು ತೂಗಿಸಿದರು. ವಿಕಿರಣದ ಹಾನಿ ಮೆಲ್ಲಗೆ ತಲೆಯೆತ್ತುತ್ತದೆ. ಅದು ಕಾಣುವವರೆಗೆ ವರ್ಷಗಟ್ಟಲೆ ಕಾಯಲೇಬೇಕಿತ್ತು.

ಆ ಫಲ ಪೂರ್ತಿ ಕೈಸೇರುವ ಮೊದಲೇ, 1999ರಲ್ಲಿ, ‘ಸ್ಟಾರ್ಟ್’ ಪರೀಕ್ಷೆ ಹೊರಟಿತು. ಮೂರು ವಾರ, 15 ಕಂತು, 40 ಗ್ರೇ. ಹತ್ತು ವರ್ಷದ ಬಳಿಕ ನೋಡಿದರೆ ಕ್ಯಾನ್ಸರ್ ಮರಳುವುದು ಹೆಚ್ಚಿರಲಿಲ್ಲ. ಸ್ತನಕ್ಕಾದ ಹಾನಿ ಹಳೆಯ ಐದು ವಾರಕ್ಕಿಂತ ಕಡಿಮೆಯೇ ಇತ್ತು.

ಆದರೂ ಯಾರ್ನಲ್ಡ್ ತಂಡಕ್ಕೆ ಸಮಾಧಾನವಿಲ್ಲ. 2011ರಿಂದ 2014ರವರೆಗೆ 97 ಆಸ್ಪತ್ರೆಗಳಲ್ಲಿ, ಶಸ್ತ್ರಚಿಕಿತ್ಸೆಯಾದ ಆರಂಭದ ಹಂತದ 4,096 ರೋಗಿಗಳು ‘ಫಾಸ್ಟ್-ಫಾರ್ವರ್ಡ್’ ಸೇರಿದರು. ಒಂದು ಗುಂಪಿಗೆ ಮೂರು ವಾರ. ಇನ್ನೆರಡಕ್ಕೆ ಒಂದೇ ವಾರ, ಐದೇ ಕಂತು: ಒಂದಕ್ಕೆ 27 ಗ್ರೇ, ಮತ್ತೊಂದಕ್ಕೆ 26. ಐದು ವರ್ಷದಲ್ಲಿ ಅದೇ ಸ್ತನದಲ್ಲಿ ಕ್ಯಾನ್ಸರ್ ಮರಳಿದ್ದು ಮೂರು ವಾರದವರಲ್ಲಿ ಶೇ. 2.1, 27ರವರಲ್ಲಿ 1.7, 26ರವರಲ್ಲಿ 1.4. ಆದರೆ 27ರವರಲ್ಲಿ ಅಡ್ಡಪರಿಣಾಮ ಹೆಚ್ಚಿತ್ತು. 26ರವರಲ್ಲಿ ಮೂರು ವಾರದವರಷ್ಟೇ. ಒಂದೇ ಒಂದು ಗ್ರೇಯ ಅಂತರದಲ್ಲಿ ಹದ ಸಿಕ್ಕಿತ್ತು.

ಫಲಿತಾಂಶ ಅಚ್ಚಾದದ್ದು 2020ರ ಏಪ್ರಿಲ್ ಕೊನೆಗೆ. ಕೊರೋನಾ ಬಂದು ಬಸ್ಸುಗಳೆಲ್ಲ ನಿಂತಿದ್ದ ತಿಂಗಳು ಅದು. ಆಸ್ಪತ್ರೆಯ ಪ್ರತಿ ಭೇಟಿಯೂ ಅಪಾಯವಾಗಿದ್ದ ಹೊತ್ತಿಗೆ ಐದು ದಿನದ ದಾರಿ ತೆರೆದುಕೊಂಡಿತು.

ಸಣ್ಣ ಕಂತೇ ಕಟ್ಟಳೆಯಾಗಿದ್ದಲ್ಲಿ ದೊಡ್ಡ ಕಂತು ಗೆದ್ದದ್ದು ಹೇಗೆ ಎಂಬ ಒಗಟು ಬಿಚ್ಚಿಕೊಂಡದ್ದು ಹೀಗೆ. ಗಂಟಲ ಕ್ಯಾನ್ಸರಿನ ಕೋಶಗಳಿಗೆ ಕಂತಿನ ಗಾತ್ರದಿಂದ ಹೆಚ್ಚು ವ್ಯತ್ಯಾಸವಿಲ್ಲ. ದೊಡ್ಡ ಕಂತಿನ ಪೆಟ್ಟು ಬೀಳುವುದು ಸುತ್ತಲಿನ ಒಳ್ಳೆಯ ಅಂಗಾಂಶಕ್ಕೆ. ಅಲ್ಲಿ ಸಣ್ಣ ಕಂತೇ ಸರಿ. ಸ್ತನ ಕ್ಯಾನ್ಸರಿನ ಕೋಶ ಹಾಗಲ್ಲ, ದೊಡ್ಡ ಕಂತಿಗೆ ಅದೂ ಹೆಚ್ಚುಕಡಿಮೆ ಒಳ್ಳೆಯ ಅಂಗಾಂಶದಷ್ಟೇ ಬಳಲುತ್ತದೆ. ಕಂತು ಹಿಗ್ಗಿಸಿ ಒಟ್ಟು ಮೊತ್ತ ತಗ್ಗಿಸಿದರೆ ರೋಗಕ್ಕೆ ಪೆಟ್ಟು ಅಷ್ಟೇ ಬೀಳುತ್ತದೆ, ಮೈಗೆ ಹೆಚ್ಚಿನ ಹಾನಿ ಇಲ್ಲ.

ವೈದ್ಯರು ಐದು ಕಂತು ಸಾಕೆಂದು ಬರೆದುಕೊಟ್ಟರೆ, ಸುಳ್ಯದವಳ ದಾರಿ 850 ಕಿ.ಮೀ. ಸೋಮವಾರ ಹೊರಟರೆ ಶುಕ್ರವಾರ ಸಂಜೆಗೆ ಮುಗಿಯಿತು.