ಮೂಲೆ ಸೇರಿದ ಹಳೆಯ ಸ್ಕೂಟರಿಗೆ ಮರುಜೀವ

ನಮ್ಮ ಕಡೆಯ ತೋಟದ ಮನೆಗಳಲ್ಲಿ ಕೊಟ್ಟಿಗೆಯ ಪಕ್ಕದಲ್ಲೋ, ಅಡಿಕೆ ಚಪ್ಪರದ ಮೂಲೆಯಲ್ಲೋ ಗೋಣಿ ಹೊದ್ದು ನಿಂತ ಹಳೆಯ ಸ್ಕೂಟರ್ ಕಾಣುವುದು ಅಪರೂಪವೇನಲ್ಲ. ಅವುಗಳಲ್ಲಿ ಬಜಾಜ್ ಚೇತಕ್ ಹೆಚ್ಚು. ಹಣ ಕಟ್ಟಿ, ವರ್ಷಗಟ್ಟಲೆ ಸರದಿ ಕಾದು ಹಿರಿಯರು ತಂದ ಗಾಡಿ ಅದು. ಗೊಬ್ಬರದ ಚೀಲ, ಹಾಲಿನ ಕ್ಯಾನು, ಶಾಲೆಗೆ ಹೋಗುವ ಮಕ್ಕಳು ಎಲ್ಲವನ್ನೂ ಹೊತ್ತು ಈಗ ಇಲಿ ಹೆಗ್ಗಣಗಳ ಬಿಡಾರವಾಗಿದೆ. ಇದನ್ನು ಗುಜರಿಗೆ ತೂಕಕ್ಕೆ ಹಾಕಬೇಕೆ, ರಿಪೇರಿ ಮಾಡಬೇಕೆ ಎಂಬುದು ಅನೇಕ ಸದಸ್ಯರ ಪ್ರಶ್ನೆ.

ಸಿಂಪರಣೆಯ ಪಂಪನ್ನು ಬಿಚ್ಚಿ ಜೋಡಿಸಬಲ್ಲ ಬೆಳೆಗಾರನಿಗೆ ಈ ಸ್ಕೂಟರಿನ ಮುಕ್ಕಾಲು ಪಾಲು ಕೆಲಸ ಮನೆಯಲ್ಲೇ ಸಾಧ್ಯ. ಆದರೆ ಕೆಲಸಕ್ಕೊಂದು ಕ್ರಮವಿದೆ. ಮೊದಲು ಕಾಗದ, ಆಮೇಲೆ ತಗಡು, ಆಮೇಲೆ ಎಂಜಿನ್, ಆಮೇಲೆ ಬ್ರೇಕ್. ಬಣ್ಣ ಕಟ್ಟಕಡೆಗೆ. ಬಣ್ಣದಿಂದ ಆರಂಭಿಸಿದರೆ ಹಣವೂ ಹೋಗುತ್ತದೆ, ಗಾಡಿಯೂ ರಸ್ತೆಗೆ ಬರುವುದಿಲ್ಲ.

ಗಾಡಿಯ ಪರಿಚಯ

ಇಟಲಿಯ ಪಿಯಾಜಿಯೊ ಕಂಪನಿಯೊಡನೆ ಇದ್ದ ಒಪ್ಪಂದ 1971ರಲ್ಲಿ ಮುಗಿದ ಮೇಲೆ, 1972ರಲ್ಲಿ ಬಜಾಜ್ ಕಂಪನಿ ಚೇತಕ್ ಹೆಸರಿನಲ್ಲಿ ಈ ಸ್ಕೂಟರನ್ನು ಹೊರತಂದಿತು. 2009ರ ಕೊನೆಗೆ ಕಂಪನಿಯು ಸ್ಕೂಟರ್ ತಯಾರಿಕೆಯನ್ನೇ ಕೈಬಿಡುವುದಾಗಿ ಪ್ರಕಟಿಸಿತು. 2020ರಿಂದ ಅದೇ ಹೆಸರಿನಲ್ಲಿ ಬರುತ್ತಿರುವುದು ವಿದ್ಯುತ್ ಸ್ಕೂಟರ್. ಅದಕ್ಕೂ ಇದಕ್ಕೂ ಬಿಡಿಭಾಗದ ಸಂಬಂಧವಿಲ್ಲ. ನಾವಿಲ್ಲಿ ಹೇಳುವುದು ಎರಡು ಸ್ಟ್ರೋಕಿನ ಹಳೆಯ ಚೇತಕ್ ವಿಚಾರ. ಅದರ ಸಿಲಿಂಡರಿನ ವ್ಯಾಸ 57 ಮಿ.ಮೀ., ಪಿಸ್ಟನ್ ಓಡುವ ದೂರವೂ 57 ಮಿ.ಮೀ., ಗಾತ್ರ ಸುಮಾರು 145 ಸಿ.ಸಿ. ಚೈನ್ ಇಲ್ಲ, ಎಂಜಿನ್ ಗೇರುಗಳ ಮೂಲಕ ನೇರವಾಗಿ ಹಿಂದಿನ ಚಕ್ರಕ್ಕೇ ಕೂಡಿದೆ. ಬೇರೆ ಚಾಸಿಯೂ ಇಲ್ಲ. ಒತ್ತಿ ಮಾಡಿದ ತಗಡಿನ ಒಡಲೇ ಚಾಸಿ. ಈ ಕೊನೆಯ ಮಾತನ್ನು ನೆನಪಿನಲ್ಲಿಡಬೇಕು.

1. ಕಾಗದ ಪತ್ರ

ಸ್ಪ್ಯಾನರ್ ಹಿಡಿಯುವ ಮೊದಲು ಆರ್.ಸಿ. ಹುಡುಕಿ. ಅದರಲ್ಲಿರುವ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳು ಗಾಡಿಯ ಮೇಲಿನ ಸಂಖ್ಯೆಗಳಿಗೆ ಹೊಂದುತ್ತವೆಯೇ ನೋಡಿ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ನಮೂನೆ 25. ಗಾಡಿ ತೀರಿಕೊಂಡ ತಂದೆಯವರ ಹೆಸರಿನಲ್ಲಿದ್ದರೆ ವಾರಸುದಾರರ ಹೆಸರಿಗೆ ಬದಲಾಯಿಸಲು ನಮೂನೆ 31. ಹಳೆಯ ಗಾಡಿಗಳ ಶುಲ್ಕ ಈಚಿನ ವರ್ಷಗಳಲ್ಲಿ ಏರಿದೆ. ತಡವಾದುದಕ್ಕೆ ದಂಡವೂ ಸೇರಬಹುದು. ಸಾರಿಗೆ ಕಚೇರಿಯಲ್ಲಿ ಒಟ್ಟು ಎಷ್ಟಾಗುವುದೆಂದು ಮೊದಲೇ ವಿಚಾರಿಸಿಕೊಂಡು ಬನ್ನಿ. ದಾಖಲೆ ಸರಿಯಾಗುವಂತಿಲ್ಲದಿದ್ದರೆ ಉಳಿದ ಖರ್ಚಿಗೆ ಅರ್ಥವಿಲ್ಲ.

2. ತುಕ್ಕು

ಒಡಲೇ ಚಾಸಿಯಾದ್ದರಿಂದ ಕಾಲಿಡುವ ನೆಲ ತುಕ್ಕು ತಿಂದರೆ ಗಾಡಿಯ ಬೆನ್ನೆಲುಬೇ ಹೋದಂತೆ. ರಬ್ಬರ್ ಚಾಪೆ, ಅಲ್ಯೂಮಿನಿಯಂ ಪಟ್ಟಿಗಳನ್ನೆಲ್ಲ ತೆಗೆಯಿರಿ. ಅವುಗಳಡಿ ನಿಂತ ಮಳೆನೀರೇ ಮೊದಲ ಶತ್ರು.

ನಮ್ಮ ಗಾಡಿಗಳಿಗೆ ಇನ್ನೆರಡು ಶತ್ರುಗಳಿವೆ. ಒಂದು ರಸಗೊಬ್ಬರ. ಕಾಲಡಿಯಲ್ಲಿ ಚೀಲ ಇಟ್ಟು ತಂದಾಗ ಉದುರಿದ ಪೊಟ್ಯಾಷ್ ಹರಳು ತೇವ ಹೀರಿ ಅಲ್ಲೇ ಕೂರುತ್ತದೆ. ಅದರಲ್ಲಿರುವ ಕ್ಲೋರೈಡ್ ಸಮುದ್ರದ ಉಪ್ಪಿನಂತೆಯೇ ಕಬ್ಬಿಣವನ್ನು ತಿನ್ನುತ್ತದೆ. ಇನ್ನೊಂದು ಮೈಲುತುತ್ತ. ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ಚಾಕು ಅದ್ದಿ ನೋಡುವ ಪರೀಕ್ಷೆ ನಮಗೆಲ್ಲ ಗೊತ್ತು. ಸುಣ್ಣ ಸಾಲದಿದ್ದರೆ ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ತಾಮ್ರ ಕೂತಷ್ಟಕ್ಕೆ ಸರಿಯಾಗಿ ಚಾಕುವಿನ ಕಬ್ಬಿಣ ಕರಗಿಹೋಗಿರುತ್ತದೆ. ಮೈಲುತುತ್ತದ ನೀರು ಚೆಲ್ಲಿದ ತಗಡಿಗೆ ಆಗುವುದೂ ಅದೇ.

ಸ್ಕ್ರೂಡ್ರೈವರಿನ ಹಿಡಿಯಿಂದ ನೆಲವನ್ನು ಇಂಚಿಂಚಾಗಿ ತಟ್ಟಿ ನೋಡಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಸವೆದದ್ದು ಬೊದ್ದು ಶಬ್ದ ಕೊಡುತ್ತದೆ. ಸಂಶಯವಿದ್ದಲ್ಲಿ ತುದಿಯಿಂದ ಒತ್ತಿ. ಹಿಂದಿನ ಬ್ರೇಕಿನ ಪೆಡಲ್ ಕೂತ ಜಾಗವನ್ನೂ ನಡುವಿನ ಉಬ್ಬಿನ ಎರಡು ಬದಿಗಳನ್ನೂ ವಿಶೇಷವಾಗಿ ಪರೀಕ್ಷಿಸಿ. ಮೇಲ್ಮೈ ತುಕ್ಕಾದರೆ ಉಜ್ಜಿ ರೆಡ್ ಆಕ್ಸೈಡ್ ಬಳಿದರೆ ಸಾಕು. ತೂತು ಬಿದ್ದಿದ್ದರೆ ಆ ಭಾಗ ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಪುಟ್ಟಿ ಮೆತ್ತಿ ಮುಚ್ಚಿದರೆ ಮೋಸ. ಇದು ವೆಲ್ಡಿಂಗ್ ಬಲ್ಲವರ ಕೆಲಸ. ಅವರಲ್ಲಿಗೆ ಒಯ್ಯುವ ಮೊದಲು ಪೆಟ್ರೋಲ್ ಟ್ಯಾಂಕನ್ನು ಕಡ್ಡಾಯವಾಗಿ ಕಳಚಿ ಮನೆಯಲ್ಲೇ ಇಡಿ.

3. ಎಂಜಿನ್

ಹತ್ತು ವರ್ಷ ನಿಂತ ಗಾಡಿಗೆ ಬಂದ ದಿನವೇ ಕಿಕ್ ಹೊಡೆಯಬೇಡಿ. ಪಿಸ್ಟನ್ ಅಂಟಿಕೊಂಡಿದ್ದರೆ ಕಿಕ್ಕಿನ ಹಲ್ಲು ಮುರಿಯುತ್ತದೆ. ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಮತ್ತು 2ಟಿ ಎಣ್ಣೆ ಬೆರೆಸಿ ಎರಡು ಚಮಚದಷ್ಟು ಹೊಯ್ದು ಎರಡು ಮೂರು ದಿನ ಬಿಡಿ. ಆಮೇಲೆ ಫ್ಯಾನಿನ ಚಕ್ರವನ್ನು ಕೈಯಿಂದ ಮೆಲ್ಲಗೆ ಹಿಂದೆ ಮುಂದೆ ತಿರುಗಿಸಿ. ಬಿಡದಿದ್ದರೆ ಮತ್ತೆ ಎಣ್ಣೆ ಹಾಕಿ ಕಾಯಿರಿ. ಸುತ್ತಿಗೆ ಬೇಡ.

ಎಂಜಿನ್ ತಿರುಗಿ, ಚಾಲೂ ಆದರೂ ಮುಖ್ಯವಾದ ಒಂದು ಪರೀಕ್ಷೆ ಉಳಿದಿದೆ. ಕ್ರ್ಯಾಂಕಿನ ಎರಡು ಬದಿಯಲ್ಲೂ ರಬ್ಬರಿನ ಆಯಿಲ್ ಸೀಲ್‌ಗಳಿವೆ. ಗಾಡಿ ನಿಂತಷ್ಟು ಕಾಲವೂ ಇವು ಒಣಗಿ ಬಿರುಸಾಗುತ್ತವೆ. ಕ್ಲಚ್ಚಿನ ಬದಿಯ ಸೀಲ್ ಹೋಗಿದ್ದರೆ ಗೇರ್ ಎಣ್ಣೆ ಒಳಗೆ ಎಳೆದು ಉರಿಯುತ್ತದೆ. ಹೊಗೆ ನಿಲ್ಲುವುದಿಲ್ಲ, ಗೇರ್ ಎಣ್ಣೆ ಕಡಿಮೆಯಾಗುತ್ತಾ ಹೋಗುತ್ತದೆ. ಮ್ಯಾಗ್ನೆಟ್ ಬದಿಯದು ಹೋಗಿದ್ದರೆ ಹೊರಗಿನ ಗಾಳಿ ನುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ, ಅತಿಯಾಗಿ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಓಡುವಾಗ ಹೀಗಾದರೆ ಹಿಂದಿನ ಚಕ್ರವೇ ನಿಂತುಬಿಡುತ್ತದೆ. ಆದುದರಿಂದ ಎರಡೂ ಸೀಲ್‌ಗಳನ್ನು ಹೊಸದಾಗಿ ಹಾಕಿಸುವುದೇ ಸೂಕ್ತ. ಮ್ಯಾಗ್ನೆಟ್ ಚಕ್ರ ಕಳಚಲು ಅದಕ್ಕೆಂದೇ ಇರುವ ಪುಲ್ಲರ್ ಬೇಕು. ಕ್ಲಚ್ಚಿನ ಬದಿಯ ಸೀಲ್, ಸಿಲಿಂಡರ್ ಬೋರ್ ಮಾಡಿಸುವ ಕೆಲಸಗಳನ್ನು ಪೇಟೆಯ ಹಳೆಯ ಮೆಕ್ಯಾನಿಕರಿಗೆ ಬಿಡಬೇಕು. ಗೇರ್ ಎಣ್ಣೆ ಪೂರ್ತಿ ಇಳಿಸಿ, ಹೊಸತನ್ನು ತುಂಬುವ ರಂಧ್ರದಿಂದ ಹೊರಚೆಲ್ಲುವವರೆಗೆ ಹಾಕಿ. ಸುಮಾರು ಕಾಲು ಲೀಟರ್ ಹಿಡಿಯುತ್ತದೆ.

4. ಪೆಟ್ರೋಲಿನ ದಾರಿ

ಹಳೆಯ ಪೆಟ್ರೋಲನ್ನು ಬೆಂಕಿ ದೀಪಗಳಿಂದ ದೂರದಲ್ಲಿ, ಬಯಲಿನಲ್ಲಿ ಇಳಿಸಿ. ಟ್ಯಾಂಕಿನೊಳಗೆ ತುಕ್ಕಿದ್ದರೆ ವಿನೆಗರ್ ತುಂಬಿ ಒಂದೆರಡು ದಿನ ಇಡಿ. ಹುಣಸೆಹಣ್ಣು ಹಾಕಿ ಹಿತ್ತಾಳೆ ಪಾತ್ರೆ ಬೆಳಗುವ ತತ್ವವೇ ಇದು. ಒಂದು ಹಿಡಿ ಸಣ್ಣ ನಟ್ಟುಗಳನ್ನು ಹಾಕಿ ಕುಲುಕಿ ಚೆಲ್ಲಿ. ಸೋಡಾ ಪುಡಿಯ ನೀರಿನಿಂದ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಕೂಡಲೇ ಒಳಗೆಲ್ಲ ಎಣ್ಣೆ ಹರಡಿ. ತಡಮಾಡಿದರೆ ಮರುದಿನವೇ ತುಕ್ಕು ಮರಳುತ್ತದೆ.

ಕಾರ್ಬುರೇಟರಿನ ಜೆಟ್ಟುಗಳನ್ನು ಪೆಟ್ರೋಲಿನಲ್ಲಿ ನೆನೆಸಿ ಗಾಳಿ ಊದಿ ತೆರೆಯಬೇಕು. ಉಕ್ಕಿನ ತಂತಿ ತೂರಿಸಿದರೆ ತೂತು ದೊಡ್ಡದಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಗಾಳಿ ಸೋಸುವ ಜಾಲರಿಯಲ್ಲಿ ಇಲಿಗೂಡು ಇದೆಯೇ ನೋಡಲು ಮರೆಯಬೇಡಿ.

ಇಲ್ಲಿ ಹೊಸ ಕಾಲದ ಒಂದು ವಿಷಯ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಸೇರಿದೆ. ಎಥನಾಲ್ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಆದುದರಿಂದ ಪೆಟ್ರೋಲ್ ಪೈಪು, ನಲ್ಲಿಯ ವಾಷರ್, ಕಾರ್ಬುರೇಟರಿನ ಪ್ಯಾಕಿಂಗ್‌ಗಳನ್ನು ಎಥನಾಲ್ ತಾಳುವ ಹೊಸ ಸಾಮಗ್ರಿಯಿಂದ ಬದಲಾಯಿಸಿ. ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವಾಗ ನಲ್ಲಿ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬುರೇಟರನ್ನು ಬರಿದು ಮಾಡಿ. ಲೀಟರಿಗೆ 20 ಮಿಲಿಲೀಟರ್ 2ಟಿ ಎಣ್ಣೆಯನ್ನು ಅಳೆದೇ ಬೆರೆಸಿ, ಕಣ್ಣಂದಾಜು ಬೇಡ.

5. ಕಿಡಿ ಮತ್ತು ದೀಪ

ಹಳೆಯ ಚೇತಕ್‌ಗಳಲ್ಲಿ ಪಾಯಿಂಟ್ ಇರುವ 6 ವೋಲ್ಟಿನ ವ್ಯವಸ್ಥೆ. ಪಾಯಿಂಟನ್ನು ಉಜ್ಜಿ 0.3ರಿಂದ 0.5 ಮಿ.ಮೀ. ಅಂತರಕ್ಕೂ, ಪ್ಲಗ್ಗನ್ನು ಸುಮಾರು 0.6 ಮಿ.ಮೀ. ಅಂತರಕ್ಕೂ ಇಟ್ಟರೆ ಕಿಡಿ ಬರುತ್ತದೆ. ಆದರೆ ಮಲೆನಾಡಿನ ಮಳೆ ಮಂಜಿನಲ್ಲಿ 6 ವೋಲ್ಟಿನ ಮಿಣುಕು ದೀಪ ಅಪಾಯಕರ. ಖರ್ಚು ಮಾಡಿ ಸುಧಾರಿಸತಕ್ಕ ಭಾಗ ಯಾವುದೆಂದರೆ ಇದೇ. ನಂತರದ ವರ್ಷಗಳ ಚೇತಕ್‌ಗಳಲ್ಲಿ ಬಂದ 12 ವೋಲ್ಟಿನ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಹಳೆಯದಕ್ಕೆ ಕೂರಿಸಬಹುದು. ಬಲ್ಬು ಮಾತ್ರ ಬದಲಿಸಿದರೆ ಆಗದು. ಕಾಯಿಲ್ ಪ್ಲೇಟು, ಅದಕ್ಕೆ ಹೊಂದುವ ಮ್ಯಾಗ್ನೆಟ್ ಚಕ್ರ, ಸಿ.ಡಿ.ಐ., ರೆಗ್ಯುಲೇಟರ್, ಹಾರನ್, ಎಲ್ಲ ಬಲ್ಬುಗಳು ಒಟ್ಟಿಗೆ ಬದಲಾಗಬೇಕು. ಇಲಿ ಕಡಿದ ವೈರನ್ನು ಗಂಟು ಹಾಕುವ ಬದಲು ಪೂರ್ತಿ ಹೊಸ ವೈರಿಂಗ್ ಹಾಕಿ. ವೇಗ ಹೆಚ್ಚಿಸಲು ದೊಡ್ಡ ಸಿಲಿಂಡರ್ ಕೂರಿಸುವ ಆಸೆ ಬೇಡ. ಬ್ರೇಕುಗಳನ್ನು ಆ ವೇಗಕ್ಕೆ ಮಾಡಿಲ್ಲ.

6. ಬ್ರೇಕ್ ಮತ್ತು ಚಕ್ರ

ಬ್ರೇಕ್ ಶೂ, ಕೇಬಲ್‌ಗಳನ್ನು ಚೆನ್ನಾಗಿ ಕಂಡರೂ ಹೊಸದಾಗಿ ಹಾಕಿ. ಹಳೆಯ ಶೂಗಳಲ್ಲಿ ಕಲ್ನಾರು ಇರಬಹುದು. ಆ ಧೂಳು ಶ್ವಾಸಕೋಶಕ್ಕೆ ಮಾರಕ. ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಬಿಸಾಡಿ.

ಚಕ್ರದ ರಿಮ್ಮು ಎರಡು ಹೋಳಾಗಿದ್ದು ನಟ್ಟುಗಳಿಂದ ಕೂಡಿದೆ. ಟ್ಯೂಬಿನಲ್ಲಿ ಗಾಳಿ ಇರುವಾಗ ಈ ನಟ್ಟುಗಳನ್ನು ಬಿಚ್ಚಿದರೆ ಹೋಳು ಸಿಡಿದು ಕೈ ಮುಖಕ್ಕೆ ಬಡಿಯುತ್ತದೆ. ವಾಲ್ವ್ ಬಿಚ್ಚಿ ಗಾಳಿ ಪೂರ್ತಿ ಹೋದುದನ್ನು ಖಚಿತಪಡಿಸಿಕೊಂಡೇ ನಟ್ಟಿಗೆ ಕೈ ಹಾಕಬೇಕು. ಮನೆಯ ಹುಡುಗರಿಗೂ ಇದನ್ನು ಹೇಳಿಡಿ. ಟೈರಿನ ಹಲ್ಲು ಇದ್ದರೂ ಬಿರುಕು ಬಿಟ್ಟಿದ್ದರೆ ಬದಲಿಸಿ, ಅಳತೆ 3.50–10. ಹೊಸ ಟೈರಿನ ಬದಿಯಲ್ಲಿ ನಾಲ್ಕು ಅಂಕೆಯ ಗುರುತು ನೋಡಿ ಕೊಳ್ಳಿ. 1225 ಎಂದಿದ್ದರೆ 2025ರ 12ನೆಯ ವಾರದಲ್ಲಿ ತಯಾರಾದುದು.

7. ಬಣ್ಣ

ಎಂಜಿನ್ ಕೆಲಸವನ್ನು ಮಳೆಗಾಲದ ಬಿಡುವಿನಲ್ಲಿ ಮಾಡಬಹುದು. ಬಣ್ಣವನ್ನು ಒಣಹವೆಯ ದಿನಗಳಲ್ಲೇ ಹೊಡೆಯಬೇಕು; ತೇವದ ಗಾಳಿಯಲ್ಲಿ ಹೊಳಪು ಮಂಕಾಗುತ್ತದೆ. ಆರ್.ಸಿ.ಯಲ್ಲಿರುವ ಬಣ್ಣವನ್ನೇ ಹೊಡೆದರೆ ಕಚೇರಿಯ ಅಲೆದಾಟವಿಲ್ಲ. ಚಾಸಿ ಸಂಖ್ಯೆಯ ಮೇಲೆ ಪುಟ್ಟಿಯಾಗಲಿ ದಪ್ಪ ಬಣ್ಣವಾಗಲಿ ಬೀಳದಂತೆ ಎಚ್ಚರವಹಿಸಿ. ನವೀಕರಣಕ್ಕೆ ಗಾಡಿ ತೋರಿಸುವಾಗ ಆ ಅಂಕೆಗಳು ಓದಲು ಬರಬೇಕು. ವಿಮೆ ಮತ್ತು ಹೊಗೆ ತಪಾಸಣೆಯ ಚೀಟಿ ಇಲ್ಲದೆ ರಸ್ತೆಗೆ ಇಳಿಸಬಾರದು.

ಘಾಟಿ ಇಳಿಯುವಾಗ

ಈ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಯಲ್ಲಿ ಮಾತ್ರ. ಚಾರ್ಮಾಡಿ, ಆಗುಂಬೆಯಂಥ ಇಳಿಜಾರಿನಲ್ಲಿ ಗೇರಿನಲ್ಲೇ ಇಳಿಯುವುದು ಸರಿ. ಆದರೆ ಆಕ್ಸಿಲರೇಟರ್ ಮುಚ್ಚಿಕೊಂಡೇ ಬಹು ದೂರ ಇಳಿದರೆ ಎಂಜಿನ್ ವೇಗವಾಗಿ ತಿರುಗುತ್ತಿದ್ದರೂ ಎಣ್ಣೆ ತಲುಪುವುದಿಲ್ಲ. ಆಗಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಇಳಿಯಿರಿ. ಎಂಜಿನ್ ಹಿಡಿದುಕೊಂಡಂತೆ ತೋರಿದ ಕ್ಷಣವೇ ಕ್ಲಚ್ ಒತ್ತಿ. ಇದನ್ನು ಅಭ್ಯಾಸ ಮಾಡಿಕೊಂಡೇ ಘಾಟಿಗೆ ಹೋಗಬೇಕು.

ಒಟ್ಟಿನಲ್ಲಿ ಹೇಳುವುದಾದರೆ, ದಾಖಲೆ ಸರಿಯಿದ್ದು ನೆಲ ಗಟ್ಟಿಯಿರುವ ಚೇತಕ್ಕಿಗೆ ಹಣ ಹಾಕಬಹುದು. ಎಂಜಿನ್ ಎಷ್ಟು ಕೆಟ್ಟಿದ್ದರೂ ಸರಿಯಾಗುತ್ತದೆ. ದಾಖಲೆಯೂ ಇಲ್ಲ, ನೆಲವೂ ಇಲ್ಲ ಎಂದಾದರೆ ಮಮತೆಯಿಂದ ಹಣ ಸುರಿಯಬಾರದು. ಅಂಥದರ ಕಾರ್ಬುರೇಟರ್, ಮ್ಯಾಗ್ನೆಟ್, ರಿಮ್ಮುಗಳನ್ನು ಕಳಚಿಟ್ಟರೆ ನೆರೆಯ ಬೆಳೆಗಾರರ ಗಾಡಿಗೆ ಆದೀತು. ಇಂದೇ ಮಾಡಬಹುದಾದ ಕೆಲಸವೊಂದಿದೆ: ಗೋಣಿ ಸರಿಸಿ, ಕಾಲಡಿಯ ಚಾಪೆ ಎತ್ತಿ, ಸ್ಕ್ರೂಡ್ರೈವರಿನ ಹಿಡಿಯಿಂದ ನೆಲವನ್ನೊಮ್ಮೆ ತಟ್ಟಿ ನೋಡಿ.