ತೆಂಗಿನ ಸೀಮೆಯಲ್ಲಿ ಸಾಲ ತೀರಿಸುವ ಮನೆವಾರ್ತೆ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆ ಹೋಬಳಿಯಲ್ಲಿ ತೆಂಗು ಒಕ್ಕಲಿನ ಮುಖ್ಯಾಧಾರವಾಗಿದೆ. ಹೊಲದ ರಾಗಿಯು ಮನೆಯ ಊಟಕ್ಕೆ ಒದಗುವುದು. ಕೈಗೆ ಗಂಟಾಗಿ ಹಣ ಬರುವುದು ಬಹುಮಟ್ಟಿಗೆ ತಿಪಟೂರಿನ ಮಾರುಕಟ್ಟೆಗೆ ಸಾಗುವ ಉಂಡೆಕೊಬ್ಬರಿಯಿಂದಲೇ. ಬಲಿತ ಕಾಯನ್ನು ಕೆಡವಿ ಅಟ್ಟಕ್ಕೇರಿಸಿದ ಮೇಲೆ, ಒಳಗಿನ ನೀರು ಇಂಗಿ, ಕೊಬ್ಬರಿಯು ಚಿಪ್ಪನ್ನು ಬಿಟ್ಟು ಗಟಗಟನೆ ಸದ್ದು ಮಾಡುವವರೆಗೆ ೮ರಿಂದ ೧೨ ತಿಂಗಳು ಕಾಯಬೇಕಷ್ಟೆ. ಆದರೆ ಮಕ್ಕಳ ಶಾಲೆಯ ಶುಲ್ಕವಾಗಲಿ, ಔಷಧದ ಖರ್ಚಾಗಲಿ, ಹಬ್ಬವಾಗಲಿ ಹಾಗೆ ಕಾಯುವುದಿಲ್ಲ. ವರಮಾನವು ವರ್ಷಕ್ಕೊಮ್ಮೆ ಬರುವುದು, ವೆಚ್ಚವು ದಿನದಿನವೂ ಹೋಗುವುದು. ಈ ಎರಡರ ನಡುವಣ ತೆರವಿನಲ್ಲಿಯೇ ಸಾಲವು ಹುಟ್ಟುತ್ತದೆ.

ಎರಡು ಲೆಕ್ಕಗಳ ಮನೆ

ಸಾಲವು ಹುಟ್ಟುವುದು ಹೀಗಾದರೂ ಅದು ಬೆಳೆಯುವುದಕ್ಕೆ ಬೇರೊಂದು ಕಾರಣವುಂಟು. ಅನೇಕ ಸಂಸಾರಗಳಲ್ಲಿ ಮನೆಯ ಲೆಕ್ಕವು ಒಂದಲ್ಲ, ಎರಡು. ಕೊಬ್ಬರಿಯ ಧಾರಣೆ, ಸಹಕಾರ ಸಂಘದ ಬೆಳೆಸಾಲ, ಪರಿಚಯಸ್ಥರಿಂದ ತಂದ ಕೈಸಾಲ, ಇವು ಯಜಮಾನನಿಗೆ ಗೊತ್ತು. ಸ್ವಸಹಾಯ ಗುಂಪಿನ ವಾರದ ಕಂತು, ಅಂಗಡಿಯ ಬಾಕಿ, ಹಾಲಿನ ಬಟವಾಡೆ, ಇವು ಗೃಹಿಣಿಗೆ ಗೊತ್ತು. ಒಬ್ಬರ ಸಾಲವನ್ನು ಮತ್ತೊಬ್ಬರು ಪೂರ್ಣವಾಗಿ ಅರಿತಿರುವುದಿಲ್ಲ. ಗಂಡನು ಬೇಸರಪಡುವನೆಂದು ಹೆಂಡತಿಯೂ, ಹೆಂಡತಿಯು ನೊಂದುಕೊಳ್ಳುವಳೆಂದು ಗಂಡನೂ ಮರೆಮಾಚುವುದುಂಟು. ಹೀಗಾಗಿ ಒಂದು ಸಾಲದ ಕಂತಿಗೆ ಇನ್ನೊಂದು ಸಾಲವನ್ನು ತರುವುದು ರೂಢಿಯಾಗುತ್ತದೆ. ಆದಕಾರಣ ಸಾಲವಿಮೋಚನೆಗೆ ಮೊದಲ ಸಾಧನವು ಹಣವಲ್ಲ. ದಂಪತಿಗಳಿಬ್ಬರೂ ಕೂಡಿ ಕುಳಿತು ಬರೆಯುವ ಒಂದೇ ಪುಸ್ತಕ.

ಒಂದು ಉದಾಹರಣೆ

ಎಂಬತ್ತು ತೆಂಗಿನ ಮರಗಳೂ, ಕೊಂಚ ರಾಗಿಯ ಹೊಲವೂ, ಒಂದು ಹಸುವೂ ಉಳ್ಳ ಸಂಸಾರವನ್ನು ಉದಾಹರಣೆಗಾಗಿ ಭಾವಿಸಬಹುದು. ವರ್ಷಕ್ಕೆ ೬ ಕ್ವಿಂಟಾಲ್ ಉಂಡೆಕೊಬ್ಬರಿ ದೊರೆಯುವುದೆಂದು ಇಟ್ಟುಕೊಂಡರೆ, ೨೦೨೪ರ ಬೆಂಬಲ ಬೆಲೆಯಾದ ಕ್ವಿಂಟಾಲಿಗೆ ೧೨,೦೦೦ ರೂ.ಗಳ ಮೇರೆಗೆ ೭೨,೦೦೦ ರೂ. ಆಗುವುದು. ದಂಪತಿಗಳು ತಮ್ಮ ತಮ್ಮ ಸಾಲಗಳನ್ನು ಒಂದೇ ಪುಟದಲ್ಲಿ ಬರೆದಾಗ ಅದು ಹೀಗಿರುವುದೆನ್ನೋಣ:

ಸಹಕಾರ ಸಂಘದ ಬೆಳೆಸಾಲ: ೧,೦೦,೦೦೦ ರೂ., ವಾಯಿದೆಯೊಳಗೆ ತೀರಿಸಿದರೆ ಬಡ್ಡಿಯಿಲ್ಲ.
ಕೈಸಾಲ: ೬೦,೦೦೦ ರೂ., ನೂರಕ್ಕೆ ತಿಂಗಳಿಗೆ ೩ ರೂ. ಬಡ್ಡಿ.
ಒಡವೆಯ ಮೇಲಿನ ಸಾಲ: ೮೦,೦೦೦ ರೂ., ನೂರಕ್ಕೆ ವರ್ಷಕ್ಕೆ ೧೨ ರೂ. ಬಡ್ಡಿ.
ಗುಂಪಿನ ಸಾಲದ ಉಳಿಕೆ: ೩೦,೦೦೦ ರೂ., ವಾರದ ಕಂತು.

ಮೊತ್ತ ೨,೭೦,೦೦೦ ರೂ. ಇದನ್ನು ಕಂಡು ಎದೆಗುಂದುವುದು ಸಹಜ. ಆದರೆ ಮೊತ್ತಕ್ಕಿಂತಲೂ ಬಡ್ಡಿಯ ಕಡೆಗೆ ಲಕ್ಷ್ಯ ಕೊಡತಕ್ಕದ್ದು. ‘ನೂರಕ್ಕೆ ಮೂರು’ ಎಂಬ ಮಾತು ಕಿವಿಗೆ ಹಗುರವಾಗಿದೆ; ಅದು ವರ್ಷಕ್ಕೆ ನೂರಕ್ಕೆ ೩೬ ಆಗುವುದು. ಅರುವತ್ತು ಸಾವಿರಕ್ಕೆ ವರ್ಷದ ಬಡ್ಡಿಯೇ ೨೧,೬೦೦ ರೂ. ಇದು ೧.೮ ಕ್ವಿಂಟಾಲ್ ಕೊಬ್ಬರಿಯ ಬೆಲೆ. ಅಂದರೆ ಎಂಬತ್ತು ಮರಗಳಲ್ಲಿ ಇಪ್ಪತ್ತನಾಲ್ಕು ಮರಗಳು ವರ್ಷವೆಲ್ಲ ಫಲ ಕೊಡುವುದು ಈ ಒಂದು ಬಡ್ಡಿಗಾಗಿಯೇ. ಅಸಲಿನಲ್ಲಿ ಒಂದು ರೂಪಾಯಿಯೂ ತಗ್ಗುವುದಿಲ್ಲ.

ಯಾವ ಸಾಲ ಮೊದಲು?

ದೊಡ್ಡ ಸಾಲವನ್ನು ಮೊದಲು ತೀರಿಸಬೇಕೆಂಬುದು ಸಾಮಾನ್ಯ ಭಾವನೆ. ಹಾಗಲ್ಲ, ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸತಕ್ಕದ್ದು. ಮೇಲಿನ ಸಂಸಾರವು ಕೊಬ್ಬರಿಯ ಹಣದಲ್ಲಿ ವರ್ಷಕ್ಕೆ ೪೦,೦೦೦ ರೂ.ಗಳನ್ನು ಸಾಲಕ್ಕೆಂದು ಎತ್ತಿಟ್ಟು, ಉಳಿದ ೩೨,೦೦೦ ರೂ.ಗಳಲ್ಲಿ ಕೂಲಿ, ಗೊಬ್ಬರ, ಶಾಲೆಯ ಶುಲ್ಕ, ಒಡವೆಯ ಬಡ್ಡಿ ಇವುಗಳನ್ನು ನಿರ್ವಹಿಸಲೆಂದು ಗೊತ್ತುಮಾಡಿಕೊಳ್ಳಬಹುದು. ಮೊದಲ ವರ್ಷ ೪೦,೦೦೦ ರೂ. ಕೈಸಾಲಕ್ಕೆ ಸಲ್ಲಲು, ಅದರ ಅಸಲು ೨೦,೦೦೦ಕ್ಕೆ ಇಳಿಯುವುದು. ಹಾಲಿನ ಹಣದಿಂದ ತೆರುತ್ತಿದ್ದ ತಿಂಗಳ ಬಡ್ಡಿಯು ೧,೮೦೦ರಿಂದ ೬೦೦ ರೂ.ಗೆ ತಗ್ಗುವುದು. ಮಿಕ್ಕ ೧,೨೦೦ ರೂ.ಗಳನ್ನು ತಿಂಗಳು ತಿಂಗಳೂ ಬೇರೆ ಇಟ್ಟರೆ ವರ್ಷಕ್ಕೆ ೧೪,೪೦೦ ರೂ. ಕೂಡುವುದು. ಎರಡನೆಯ ವರ್ಷದ ಕೊಬ್ಬರಿಯಿಂದ ೫,೬೦೦ ರೂ. ಸೇರಿಸಿದರೆ ಕೈಸಾಲವು ಪೂರಾ ತೀರುವುದು. ಆ ವರ್ಷದ ಉಳಿದ ೩೪,೪೦೦ ರೂ. ಒಡವೆಯ ಸಾಲಕ್ಕೆ ಸಲ್ಲುವುದು. ಬಡ್ಡಿಯನ್ನು ಆಯಾ ವರ್ಷವೇ ತೆತ್ತು ಇದೇ ಕ್ರಮವನ್ನು ಬಿಡದೆ ನಡೆಸಿದಲ್ಲಿ ಮೂರನೆಯ ಕೊಬ್ಬರಿಗೆ ಒಡವೆಯು ಮನೆಗೆ ಹಿಂದಿರುಗುವುದು.

ಗುಂಪಿನ ಕಂತಿಗೆ ಹಾಲಿನ ಬಟವಾಡೆಯನ್ನೂ, ೨೦೨೩ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ ೨,೦೦೦ ರೂ.ಗಳನ್ನೂ ಹೊಂದಿಸಿಕೊಳ್ಳಬಹುದು. ಆ ಹಣವು ತಡವಾಗಿ ಬರುವುದೂ ಉಂಟಾದ್ದರಿಂದ ಒಂದು ತಿಂಗಳ ಕಂತನ್ನು ಮುಂಚಿತವಾಗಿ ಕೂಡಿಟ್ಟಿರುವುದು ಕ್ಷೇಮ. ಹಳೆಯ ಕಂತನ್ನು ತೀರಿಸಲು ಮಾತ್ರ ಹೊಸ ಗುಂಪನ್ನು ಸೇರಬಾರದು.

ಬಡ್ಡಿಯಿಲ್ಲವೆಂದು ಸಂಘದ ಸಾಲವನ್ನು ಅಲಕ್ಷಿಸುವುದೂ ತಪ್ಪು. ಕರ್ನಾಟಕದಲ್ಲಿ ಸಹಕಾರ ಸಂಘಗಳ ಶೂನ್ಯಬಡ್ಡಿಯ ಸಾಲದ ಮಿತಿಯನ್ನು ೨೦೨೩ರಲ್ಲಿ ೩ ಲಕ್ಷದಿಂದ ೫ ಲಕ್ಷ ರೂ.ಗೆ ಏರಿಸಲಾಯಿತು. ವಾಯಿದೆ ಮೀರಿದರೆ ಈ ಅನುಕೂಲವು ತಪ್ಪುವುದು. ಸಾಲವನ್ನು ಹೊಸದಾಗಿಸುವ ವೇಳೆಗೆ ಹಣವಿಲ್ಲದೆ ಕೈಸಾಲಕ್ಕೆ ಹೋಗುವುದೇ ಅನೇಕರ ತೊಂದರೆಗೆ ಮೂಲ. ಆದ್ದರಿಂದ ವಾಯಿದೆಯ ದಿನವನ್ನು ಪುಸ್ತಕದ ಮೊದಲ ಪುಟದಲ್ಲಿಯೇ ಬರೆದಿಡತಕ್ಕದ್ದು. ೧೯೦೫ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದ್ದು ರೈತನನ್ನು ದುಬಾರಿ ಬಡ್ಡಿಯಿಂದ ಬಿಡಿಸಲಿಕ್ಕೇ ಅಲ್ಲವೆ?

ಒಳ್ಳೆಯ ಧಾರಣೆಯ ವರ್ಷ

‘ಹಾಸಿಗೆಯಿದ್ದಷ್ಟು ಕಾಲು ಚಾಚು’ ಎಂಬುದು ಗಾದೆ. ಆದರೆ ತೆಂಗಿನ ಸೀಮೆಯಲ್ಲಿ ಹಾಸಿಗೆಯ ಉದ್ದವೇ ವರ್ಷ ವರ್ಷಕ್ಕೂ ಬೇರೆ. ೨೦೨೩ರಲ್ಲಿ ಬೆಂಬಲ ಬೆಲೆಯು ೧೧,೭೫೦ ರೂ. ಇದ್ದರೂ ಮಾರುಕಟ್ಟೆಯ ಧಾರಣೆಯು ಅದಕ್ಕಿಂತ ಬಹಳ ಕೆಳಗಿಳಿದು ಬೆಳೆಗಾರರು ಕಂಗೆಟ್ಟರು. ೨೦೨೫ರಲ್ಲಿ ಬೆಂಬಲ ಬೆಲೆಯು ೧೨,೧೦೦ ರೂ. ಇದ್ದಾಗ ಧಾರಣೆಯು ಅದರ ಇಮ್ಮಡಿಯನ್ನೂ ಮುಟ್ಟಿತು. ಆದಕಾರಣ ಮನೆಯ ವೆಚ್ಚವನ್ನು ಬೆಂಬಲ ಬೆಲೆಯ ಮೇಲೆಯೇ ಗೊತ್ತುಮಾಡಿ, ಅದಕ್ಕೆ ಮೀರಿ ಬಂದುದನ್ನು ಸಾಲಕ್ಕೆ ಸಲ್ಲಿಸುವುದು ವಿವೇಕ.

ಪಂಜಾಬಿನ ರೈತರ ಸಾಲವನ್ನು ಕುರಿತು ಮಾಲ್ಕಂ ಡಾರ್ಲಿಂಗ್ ಎಂಬ ಅಧಿಕಾರಿಯು ೧೯೨೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಡತನದಂತೆಯೇ ಸಮೃದ್ಧಿಯೂ ಸಾಲವನ್ನು ಬೆಳೆಸುವುದೆಂದು ತೋರಿಸಿಕೊಟ್ಟನು. ಬೆಲೆ ಏರಿದಾಗ ಸಾಲ ಕೊಡುವವರೂ ಹೆಚ್ಚುವರು, ಆಸೆಯೂ ಹೆಚ್ಚುವುದು. ಒಳ್ಳೆಯ ಧಾರಣೆಯ ವರ್ಷ ಹೊಸ ವಾಹನಕ್ಕೋ ಅದ್ದೂರಿಯ ಮದುವೆಗೋ ಕೈಹಾಕಿದವರಿಗೆ, ಧಾರಣೆ ಇಳಿದ ವರ್ಷ ಕಂತು ಮಾತ್ರ ಉಳಿಯುವುದು.

ಕಡಮೆ ಮಾಡಬಾರದ ವೆಚ್ಚ

ಮಿತವ್ಯಯವೆಂದರೆ ಎಲ್ಲವನ್ನೂ ಕತ್ತರಿಸುವುದಲ್ಲ. ಮರದ ಗೊಬ್ಬರ, ಹಸುವಿನ ಮೇವು, ಮಕ್ಕಳ ವಿದ್ಯೆ, ಔಷಧ ಇವುಗಳಲ್ಲಿ ಹಿಡಿತ ಮಾಡಿದರೆ ನಾಳೆಯ ವರಮಾನವೇ ಕುಂದುವುದು. ಗೃಹಿಣಿಯೊಬ್ಬಳೇ ತನ್ನ ಊಟ ಉಡುಗೆಗಳನ್ನು ತಗ್ಗಿಸಿ ಉಳಿಸುವುದೂ ನ್ಯಾಯವಲ್ಲ. ಯಜಮಾನನ ಹೋಟೆಲು, ಬೀಡಿ, ಪೇಟೆಯ ತಿರುಗಾಟಗಳ ಖರ್ಚೂ ಅದೇ ಪುಟದಲ್ಲಿ ಬರತಕ್ಕದ್ದು. ಮಟ್ಟೆ, ಚಿಪ್ಪು, ಗರಿಗಳ ಹಣವು ಅಲ್ಪವೆಂದು ಬಿಡದೆ ಜಮೆಗೆ ಬರೆದರೆ ಅಂಗಡಿಯ ಬಾಕಿಗಾದರೂ ಒದಗುವುದು.

ದಂಪತಿಗಳು ಅನುಸರಿಸತಕ್ಕ ಕ್ರಮ

೧. ಪ್ರತಿ ತಿಂಗಳೂ ಗೊತ್ತಾದ ಒಂದು ದಿನ ಇಬ್ಬರೂ ಕುಳಿತು ಜಮಾಖರ್ಚನ್ನು ಬರೆಯುವುದು. ಬರೆಯಲು ಬಾರದಿದ್ದರೆ ಮಕ್ಕಳಿಂದ ಬರೆಯಿಸಬಹುದು.

೨. ಇಬ್ಬರ ಒಪ್ಪಿಗೆಯಿಲ್ಲದೆ ಹೊಸ ಸಾಲವನ್ನಾಗಲಿ ಜಾಮೀನನ್ನಾಗಲಿ ಒಪ್ಪದಿರುವುದು.

೩. ಕೊಬ್ಬರಿಯನ್ನು ಒಡೆಯುವ ಮೊದಲೇ ಅದರ ಹಣವು ಯಾವುದಕ್ಕೆ ಎಷ್ಟೆಂದು ಬರೆದಿಡುವುದು.

೪. ತೆತ್ತ ಪ್ರತಿಯೊಂದು ಹಣಕ್ಕೂ ರಶೀತಿ ಪಡೆಯುವುದು. ಲೇವಾದೇವಿ ನಡೆಸುವವರಿಗೆ ೧೯೬೧ರ ಕಾಯಿದೆಯಂತೆ ಪರವಾನಗಿ ಬೇಕು. ಕಿರುಸಾಲಗಳ ಬಲವಂತದ ವಸೂಲಿಯನ್ನು ತಡೆಯಲು ೨೦೨೫ರಲ್ಲಿ ರಾಜ್ಯದಲ್ಲಿ ಕಾನೂನು ಜಾರಿಗೆ ಬಂದಿದೆ. ಪೀಡನೆಗೆ ಒಳಗಾದವರು ನಾಚದೆ ಪೊಲೀಸು ಠಾಣೆಗೆ ದೂರು ಕೊಡಬಹುದು.

ಸಾಲವನ್ನು ಮರೆಮಾಚಿದ ಮನೆಯಲ್ಲಿ ಅದು ಮನಸ್ಸುಗಳನ್ನೂ ಒಡೆಯುವುದು. ಬಿಚ್ಚಿ ಹೇಳಿದ ಮನೆಯಲ್ಲಿ ಅದು ಬರಿಯ ಲೆಕ್ಕವಾಗಿ ಉಳಿಯುವುದು. ಅಟ್ಟದ ಮೇಲಿನ ಕಾಯಿ ಯಾರ ಪಾಲಾಗುವುದೆಂಬುದನ್ನು ಸಾಲಿಗನು ಗೊತ್ತುಮಾಡುವ ಮೊದಲೇ, ಅಟ್ಟದ ಕೆಳಗೆ ಕುಳಿತ ದಂಪತಿಗಳಿಬ್ಬರೂ ಕೂಡಿ ಗೊತ್ತುಮಾಡುವಂತಾಗಲಿ.